ಒಂದು ಬಿಟ್ಟು ಹಿಡಿ

ವಾಡಿ ಸ್ಟೇಷನ್ನಿನಲ್ಲಿ ಇಳಿದು ಅಪ್ಪನ ಹಿಂದೆ ನಡೆಯುತ್ತಿದ್ದ ಸುಶ್ಮಿತಾಳಿಗೆ ಬೆನ್ನಿನ ಚೀಲದಲ್ಲಿದ್ದ ಒಂದು ಹಾಳೆ ರೊಟ್ಟಿಯ ಗಂಟಿಗಿಂತ ಭಾರವಾಗಿತ್ತು. ಸಂಜೆ ಐದರೊಳಗೆ ಅದರ ಮೇಲೆ ಅಪ್ಪನ ಸಹಿ ಬೀಳಬೇಕು, ಫೋಟೋ ತೆಗೆದು ಕಾಲೇಜಿಗೆ ಕಳಿಸಬೇಕು. ಬೀಳದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಗಣಿತ ಹೋಗುತ್ತದೆ ಅಷ್ಟೇ. ಹೈದರಾಬಾದಿನಲ್ಲಿ ಅವಳು ಓದುತ್ತಿದ್ದದ್ದು ಐದು ವರ್ಷಕ್ಕೆ ಎರಡು ಪದವಿ ಕೊಡುವ ಕೋರ್ಸು. ಸಿವಿಲ್ ಇಂಜಿನಿಯರಿಂಗ್ ಒಂದು, ಗಣಿತ ಒಂದು, ಎರಡೂ ಜೊತೆಜೊತೆಗೆ. ಗಣಿತದ ಒಂದೇ ವಿಷಯದಲ್ಲಿ ಎರಡು ಸಲ ಫೇಲಾದವರು ಪೋಷಕರ ಸಹಿ ಮಾಡಿಸಿ ಅರ್ಜಿ ಕೊಟ್ಟರೆ ಮಾತ್ರ ಎರಡನ್ನೂ ಮುಂದುವರಿಸಬಹುದು. ಕೊಡದಿದ್ದರೆ ಇಂಜಿನಿಯರಿಂಗ್ ಒಂದೇ ಉಳಿಯುತ್ತದೆ, ಯಾರೂ ಕರೆದು ಏಕೆಂದು ಕೇಳುವುದಿಲ್ಲ. ಅವಳು ಊರಿಗೆ ಬಂದು ಆರು ದಿನವಾಗಿತ್ತು. ಆರು ದಿನವೂ, ಉಂಡ ಮೇಲೆ ಕೇಳೋಣ, ಅಪ್ಪ ಒಬ್ಬನೇ ಇದ್ದಾಗ ಕೇಳೋಣ, ನಾಳೆ ಕೇಳೋಣ ಎಂದುಕೊಂಡು ಈ ಏಳನೆಯ ದಿನಕ್ಕೆ ಬಂದು ನಿಂತಿದ್ದಳು. ಕೇಳಬೇಕಾದರೆ ಫೇಲಾದದ್ದನ್ನು ಹೇಳಬೇಕು. ಫೇಲು ಎನ್ನುವ ಶಬ್ದವನ್ನು ಆ ಮನೆಯಲ್ಲಿ ಅವಳ ಹೆಸರಿನ ಪಕ್ಕದಲ್ಲಿ ಇದುವರೆಗೆ ಯಾರೂ ಇಟ್ಟಿರಲಿಲ್ಲ.

ಅಪ್ಪ ಅಂಬರಾಯ ಮುಂದೆ ನಡೆಯುತ್ತಿದ್ದ. ಶಹಾಬಾದಿನಿಂದ ಚಿತ್ತಾಪುರದವರೆಗೆ ಕಲ್ಲಿನ ಮನೆ ಕಟ್ಟಿಸಿದವರಿಗೆಲ್ಲ ಅಂಬರಾಯ ಮೇಸ್ತ್ರಿ ಗೊತ್ತು. ದಾರ ಹಿಡಿಯದೆ, ದೂರ ನಿಂತೇ ಗೋಡೆಯ ಡೊಂಕು ಹೇಳುವವನು. ಆ ಮನುಷ್ಯ ಈಗ ಸ್ಟೇಷನ್ನಿನ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿಯುತ್ತಿದ್ದ, ತಡವಿದ್ದು ಕಾಣಬಾರದೆಂದು ಚಪ್ಪಲಿಯ ಧೂಳು ಕೊಡವಿದಂತೆ ಮಾಡುತ್ತಿದ್ದ. ಎರಡೂ ಕಣ್ಣಿಗೆ ಮೋತಿಬಿಂದು, ಪೊರೆ ಬಂದಿತ್ತು. ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ವಾಡಿಯಲ್ಲಿ ಕಟ್ಟುತ್ತಿದ್ದ ಈ ಮನೆ ಮುಗಿಯಲಿ ಎಂದು ಮುಂದಕ್ಕೆ ಹಾಕಿದ್ದ. ಮುಗಿಯುವವರೆಗೆ ಕಣ್ಣು ಕಾಯಬೇಕಲ್ಲ, ಅದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮೊದಲ ದಿನ ಹೊರಡುವಾಗ ಅವ್ವ ಚಂದಮ್ಮ ರೊಟ್ಟಿ, ಪುಂಡಿಪಲ್ಯ ಕಟ್ಟುತ್ತಾ ಒಲೆಯ ಕಡೆ ಮುಖ ಮಾಡಿಯೇ ಹೇಳಿದ್ದಳು: "ನಿಮ್ಮಪ್ಪನ ಕಣ್ಣಿನ ಮಾತು ಅಲ್ಲಿ ಯಾರ ಮುಂದೂ ಆಡಬ್ಯಾಡವ್ವ. ಕಣ್ಣು ಕಾಣದ ಗೌಂಡಿಗಿ ಯಾರ್ ಕೆಲ್ಸ ಕೊಡ್ತಾರ? ನೀ ಹೆಂಗೂ ಸೂಟಿಗಿ ಬಂದಿ. ಜತಿಗಿ ಹೋಗು, ಟೇಪ ನೀನೇ ಓದು. ಮಗಳು ಇಂಜಿನಿಯರ್ ಕಲೀಲಿಕತ್ಯಾಳ, ನೋಡ್ಲಿಕ್ಕ ಬಂದಾಳ ಅಂತ ತಿಳ್ಕೋತಾರ." ಹಾಗೆಯೇ ತಿಳಿದುಕೊಂಡರು. ಮನೆಯ ಮಾಲೀಕ ಹಣಮಂತರಾಯ, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಅವಳಿಗೆ ಕುರ್ಚಿ ತರಿಸಿ, "ಎರಡೆರಡು ಡಿಗ್ರಿ ಅಂತಲ್ಲವ್ವಾ? ಒಂದೇ ತಲಿಯಾಗ ಹ್ಯಾಂಗ್ ಹಿಡೀತಾವ?" ಎಂದು ನಕ್ಕಿದ್ದರು. ಅಪ್ಪ ಆಗ ಕರಣೆ ತೊಳೆಯುತ್ತಿದ್ದವನು ತಲೆಯೆತ್ತದೆ ಹಿಗ್ಗಿದ್ದು ಅವನ ಬೆನ್ನಿನಲ್ಲೇ ಅವಳಿಗೆ ಕಂಡಿತ್ತು.

ಹಿಡಿಯುವುದಿಲ್ಲ ಎಂದು ಅವರಿಗೆ ಹೇಳಬಹುದಿತ್ತು. ಹನ್ನೊಂದು ಗಂಟೆಯ ಇಂಜಿನಿಯರಿಂಗ್ ತರಗತಿಯಲ್ಲಿ ಸುಮಾರು ಇಷ್ಟು ಎಂದರೆ ನಡೆಯುತ್ತಿತ್ತು, ತೊಲೆಗೆ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಬಲ ಕೊಟ್ಟು ಮುಂದೆ ಹೋಗುತ್ತಿದ್ದರು. ಬಿಸಿಲಿನಲ್ಲಿ ಹತ್ತು ನಿಮಿಷ ನಡೆದು ಇನ್ನೊಂದು ಕಟ್ಟಡಕ್ಕೆ ಹೋದರೆ ಅಲ್ಲಿ ಹನ್ನೆರಡಕ್ಕೆ ಗಣಿತ. ಅಲ್ಲಿ ಸುಮಾರು ಎನ್ನುವುದೇ ತಪ್ಪು. ಇಂಜಿನಿಯರಿಂಗಿನವರು ಅವಳನ್ನು ಗಣಿತದವಳು ಎನ್ನುತ್ತಿದ್ದರು, ಗಣಿತದವರು ಇಂಜಿನಿಯರ್ ಎಂದು ಚುಡಾಯಿಸುತ್ತಿದ್ದರು. ಎರಡೂ ಕಡೆ ಅವಳು ಬಂದುಹೋಗುವ ನೆಂಟಳು. ಅವಳಿಗೆ ನಿಜವಾಗಿ ತನ್ನದು ಎನ್ನಿಸಿದ್ದು ಆ ಹತ್ತು ನಿಮಿಷದ ಬಿಸಿಲಿನ ದಾರಿ ಮಾತ್ರ. ಆದರೂ ಪ್ರತಿದಿನ ಇಂಜಿನಿಯರಿಂಗ್ ಕಟ್ಟಡದಿಂದ ಹೊರಟಾಗ ಅವಳ ಕಾಲು ಚುರುಕಾಗುತ್ತಿತ್ತು, ತಿರುಗಿ ಬರುವಾಗ ಎಳೆಯುತ್ತಿತ್ತು. ಫೇಲಾದ ಮೇಲೂ ಹಾಗೆಯೇ. ಒಲ್ಲದವರ ಮನೆಗೆ ಮತ್ತೆ ಮತ್ತೆ ಹೋಗುವವಳಿಗೆ ನಾಚಿಕೆ ಇರಬೇಕಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಎರಡನೆಯ ಸಲದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಕಡಿಯದೆ ಸಾಗುವ ಗೆರೆಯೊಂದು ಒಂದು ಕಡೆ ಸೊನ್ನೆಯ ಕೆಳಗಿದ್ದು ಇನ್ನೊಂದು ಕಡೆ ಸೊನ್ನೆಯ ಮೇಲಿದ್ದರೆ, ನಡುವೆ ಎಲ್ಲೋ ಸೊನ್ನೆಯನ್ನು ಮುಟ್ಟಲೇಬೇಕೆಂದು ಸಾಧಿಸಿ. ಅವಳಿಗೆ ನಗು ಬಂದಿತ್ತು. ಇದನ್ನೇನು ಸಾಧಿಸುವುದು? ಗೌಂಡಿಯ ಮಗಳಿಗೆ ಗೊತ್ತಿಲ್ಲವೇ, ಗೋಡೆಯ ಒಂದು ತುದಿ ದಾರದ ಕೆಳಗೆ, ಇನ್ನೊಂದು ತುದಿ ದಾರದ ಮೇಲೆ ಇದ್ದರೆ ಗೋಡೆ ದಾರವನ್ನು ದಾಟಿದೆ ಎಂದೇ ಅರ್ಥ. ಚಿತ್ರ ಬರೆದು ಅದನ್ನೇ ಬರೆದಳು. ಸೊನ್ನೆ ಕೊಟ್ಟರು. ಗಣಿತ ಕಲಿಸುವ ರಾಧಿಕಾ ಮೇಡಂ ಕರೆದು ಕೂರಿಸಿ, ಬೈಯಲಿಲ್ಲ, ಮೆತ್ತಗೆ ಹೇಳಿದರು: ಇದು ನಿಜ ಅಂತ ನನಗೂ ಕಾಣುತ್ತದೆ, ಕಾಣುವುದನ್ನೆಲ್ಲ ಒಂದು ಸಲ ಕಣ್ಣು ಮುಚ್ಚಿಕೊಂಡು ಹೇಳು ನೋಡೋಣ. ಅರ್ಜಿ ಕೊಡು, ನಾನು ಬೆಂಬಲಿಸುತ್ತೇನೆ, ನಿನಗೆ ಬೇಕಿದ್ದರೆ. ಆ ಕೊನೆಯ ಮಾತನ್ನೇ ಅವಳು ಊರಿಗೂ ಹೊತ್ತು ತಂದಿದ್ದಳು. ಬೇಕಿದ್ದರೆ ಆರು ದಿನ ಸುಮ್ಮನಿರುತ್ತಿದ್ದಳೇ?

ಬೇಕಾಗಿತ್ತು. ಅದು ಯಾವಾಗಿನಿಂದ ಎಂದೂ ಅವಳಿಗೆ ಗೊತ್ತಿತ್ತು. ಈ ಕಡೆ ಮನೆ ಕಟ್ಟುವಾಗ ಆಯ ನೋಡುತ್ತಾರೆ. ಕೋಣೆಯ ಉದ್ದ ಅಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಒಂದು, ಮೂರು, ಐದು, ಏಳು ಉಳಿದರೆ ಒಳ್ಳೆಯದು. ಎರಡು ಉಳಿದರೆ ಧೂಮಾಯ, ಮನೆ ತುಂಬ ಹೊಗೆ. ಎಂಟನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಹೇಳಿದ ಅಳತೆಗಳಿಗೆ ಲೆಕ್ಕ ಮಾಡಿಕೊಡುತ್ತಿದ್ದ ಅವಳು ಒಂದು ಮಧ್ಯಾಹ್ನ ಕಾಗಿಣಾ ನದಿಯ ದಂಡೆಯ ಕಲ್ಲಿನ ಮೇಲೆ ಕೂತು ಕಂಡುಕೊಂಡಳು, ಒಂಬತ್ತರಿಂದ ಗುಣಿಸುವುದು ದಂಡ. ಗುಣಿಸಿದರೂ ಬಿಟ್ಟರೂ ಶೇಷ ಅದೇ. ಒಂಬತ್ತರಲ್ಲಿ ಎಂಟು ಹೋದರೆ ಒಂದು, ಒಂದರಿಂದ ಗುಣಿಸಿದರೆ ಏನು ಬದಲಾಗುತ್ತದೆ? ಯಾರೂ ಹೇಳಿಕೊಟ್ಟಿರಲಿಲ್ಲ. ಮೈ ಜುಮ್ಮೆಂದಿತ್ತು. ಓಡಿಬಂದು ಹೇಳಿದರೆ ಅಪ್ಪ ಬಹಳ ಹೊತ್ತು ಯೋಚಿಸಿ, ಬೆರಳಿನಲ್ಲಿ ಎಣಿಸಿ, "ಖರೇ ಅದಲ್ಲವ್ವ! ನಮ್ಮಪ್ಪ, ನಮ್ಮಜ್ಜ, ಎಲ್ಲರೂ ಸುಳ್ಳೇ ಗುಣಿಸ್ಕೋತ ಸತ್ರಲ್ಲ" ಎಂದು ಬಿದ್ದು ಬಿದ್ದು ನಕ್ಕಿದ್ದ. ಮರುದಿನ ಮಾತ್ರ ಮಾಲೀಕರೊಬ್ಬರ ಮುಂದೆ ಮತ್ತೆ ಒಂಬತ್ತರಿಂದ ಗುಣಿಸಿದ. "ಗುಣಿಸ್ಲಿಲ್ಲಂದ್ರ ಲೆಕ್ಕ ಮಾಡಿದಂಗ ಅನ್ಸಂಗಿಲ್ಲವ್ವ ಅವ್ರಿಗಿ." ಸೇಡಮ್ಮಿನಲ್ಲಿ ಪಿಯುಸಿ ಓದುವಾಗ, ಹೈದರಾಬಾದಿನ ಪ್ರವೇಶದ ಅರ್ಜಿಯಲ್ಲಿ ಗಣಿತ ಏಕೆ ಎಂಬ ಪ್ರಶ್ನೆಗೆ ಅವಳು ಬರೆದದ್ದು ಇದನ್ನೇ.

ಹಣಮಂತರಾಯರ ಪಡಸಾಲೆಗೂ ಆಯ ನೋಡಿಯಾಗಿತ್ತು. ಅಗಲ ಎರಡು ಹಳೆಯ ಗೋಡೆಗಳ ನಡುವಿನ ಹನ್ನೊಂದಡಿ, ಅದನ್ನು ಬದಲಿಸುವಂತಿರಲಿಲ್ಲ. ಉದ್ದ ಹದಿನೈದು ಇಟ್ಟರೆ ಶೇಷ ಐದು, ವೃಷಭಾಯ. ಮೊನ್ನೆ ಅದನ್ನು ಅಳೆದು ಅಡ್ಡಗೋಡೆಗೆ ಗೂಟ ಹೊಡೆದಿದ್ದರು. ಅಪ್ಪನ ಬಟ್ಟೆ ಟೇಪಿನ ಮೊದಲ ಅಡಿ ಎಷ್ಟೋ ವರ್ಷದ ಹಿಂದೆಯೇ ಹರಿದುಹೋಗಿತ್ತು. ಅಡಿಯ ಅಂಕಿಗಳು ಕೆಂಪು. ಅಪ್ಪ ಉಳಿದ ತುದಿಯ ಮೊದಲ ಕೆಂಪನ್ನು, ಅಂದರೆ ಒಂದರ ಗೆರೆಯನ್ನು, ಮೂಲೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ. ಆಚೆ ತುದಿಯಲ್ಲಿ ಬೇಕಾದ್ದಕ್ಕಿಂತ ಒಂದು ಹೆಚ್ಚು ಓದಬೇಕು. ಒಂದು ಬಿಟ್ಟು ಹಿಡಿಯುವುದು ಎಂದರೆ ಇದೇ. ಹೊಸ ಟೇಪು ಕೊಳ್ಳಬಾರದೇ ಎಂದರೆ, ಇದು ಕೈಗೆ ಹೊಂದಿಕೊಂಡಿದೆ ಎನ್ನುತ್ತಿದ್ದ. ಮೊನ್ನೆಯೂ ಅಪ್ಪ, "ಒಂದ್ ಬಿಟ್ಟು ಹಿಡ್ದೀನವ್ವ, ಹದಿನಾರಕ್ಕ ಗುರ್ತು ಮಾಡು" ಎಂದಿದ್ದ. ಅವಳು ಹದಿನಾರಕ್ಕೆ ಸುಣ್ಣದಿಂದ ಗುರುತು ಮಾಡಿದ್ದಳು. ಇನ್ನೊಂದು ಬದಿಯಲ್ಲೂ ಹಾಗೆಯೇ. ನಿನ್ನೆ ಅಪ್ಪ ಮತ್ತು ಜೊತೆಯಾಳು ತೌಹೀದ ಸೇರಿ ಅಡ್ಡಗೋಡೆಯ ಎರಡು ಸಾಲು ಕಲ್ಲು ಏರಿಸಿದ್ದರು.

ಇವತ್ತು ಕೇಳಿಯೇ ತೀರಬೇಕೆಂದು ಅವಳು ತೌಹೀದ ನೀರು ತರಲು ಹೋದದ್ದನ್ನು ನೋಡಿ ಚೀಲದ ಜಿಪ್ಪಿಗೆ ಕೈಹಾಕಿದಾಗ ಸುಮಾರು ಹನ್ನೊಂದೂವರೆ. ಆಗಲೇ ಹಣಮಂತರಾಯರ ದನಿ ಕೇಳಿತು. ಅವರು ತಮ್ಮ ಉಕ್ಕಿನ ಟೇಪನ್ನು ಗೋಡೆಯಿಂದ ಗೋಡೆಗೆ ಚಾಚಿ ಬಗ್ಗಿ ಕೂತಿದ್ದರು.

"ಏ ಅಂಬರಾಯ, ಇಲ್ಲಿ ಬಾ. ಇದು ಎಷ್ಟದ ನೋಡು. ನೀನೇ ಓದು."

ಅಪ್ಪ ಬಂದು ಕೂತ. ಟೇಪಿನ ಮೇಲೆ ಬಗ್ಗಿದ. ಅವನು ನೋಡುತ್ತಿದ್ದದ್ದು ಅಂಕಿ ಇದ್ದ ಜಾಗವನ್ನಲ್ಲ, ಅದಕ್ಕಿಂತ ಒಂದು ಗೇಣು ಈಚೆಗೆ, ಬರೀ ಮಣ್ಣನ್ನು. ಸುಶ್ಮಿತಾ ಚೀಲ ಬಿಟ್ಟು ಓಡಿ ಅಪ್ಪನ ಹೆಗಲ ಮೇಲಿನಿಂದ ಬಗ್ಗಿ, ಕೇಳದಿದ್ದರೂ ಜೋರಾಗಿ ಓದಿದಳು, "ಹದಿನಾಲ್ಕು."

"ಹದಿನಾಲ್ಕು!" ಎಂದರು ಹಣಮಂತರಾಯರು. ಮೊಬೈಲ್ ತೆಗೆದು ಒತ್ತತೊಡಗಿದರು. "ಹನ್ನೊಂದು ಹದಿನಾಲ್ಕಲೆ ನೂರಾ ಐವತ್ನಾಲ್ಕು. ಒಂಬತ್ತಲೆ ಸಾವಿರದ ಮುನ್ನೂರಾ ಎಂಬತ್ತಾರು. ಎಂಟರ್ಲೆ ಭಾಗ್ಸು, ಉಳಿದದ್ದು ಎರಡು. ಎರಡಂದ್ರ ಏನು? ಧೂಮಾಯ! ಮೂವತ್ತು ವರ್ಷ ರೈಲ್ವೆದಾಗ ಹೊಗಿ ಕುಡ್ದೀನಿ, ಇನ್ನ ಮನ್ಯಾಗೂ ಹೊಗಿನೇ ಏನು?"

ಒಂಬತ್ತರಿಂದ ಗುಣಿಸುವುದು ಬೇಕಿರಲಿಲ್ಲ ಎಂದು ಅವಳ ತಲೆಯ ಯಾವುದೋ ಮೂಲೆ ಆ ಹೊತ್ತಿನಲ್ಲೂ ಹೇಳಿತು. ತನ್ನ ತಲೆಯ ಬಗ್ಗೆ ಅವಳಿಗೆ ಅಸಹ್ಯವಾಯಿತು. ಅಪ್ಪ ಎದ್ದು ನಿಂತಿದ್ದ. ಕೈಯೊರೆಸಿಕೊಂಡ. ಮಾಲೀಕರ ಕಡೆಗೂ ಅಲ್ಲ, ಅವಳ ಕಡೆಗೂ ಅಲ್ಲ, ನಡುವಿನ ಕಲ್ಲುರಾಶಿಗೆ ಹೇಳಿದಂತೆ ಹೇಳಿದ.

"ನಾ ಈ ಕಡಿ ಒಂದ್ ಬಿಟ್ಟೇ ಹಿಡ್ದಿದ್ದೀನ್ರಿ. ಹುಡುಗಿ ಆ ಕಡಿ ತಪ್ಪು ಓದ್ಯಾಳ. ಹದಿನಾರರ ಬದ್ಲಿ ಹದಿನೈದಕ್ಕ ಗುರ್ತು ಮಾಡ್ಯಾಳ್ರಿ."

ಅವಳು ಹದಿನಾರಕ್ಕೇ ಮಾಡಿದ್ದಳು. ಎರಡೂ ಬದಿಗೆ. ಬಾಯಿ ತೆರೆದಳು ಕೂಡ. ಆಗ ಕಾಲ ಬಳಿ ಸುರುಳಿಯಾಗಿ ಬಿದ್ದಿದ್ದ ಅಪ್ಪನ ಬಟ್ಟೆ ಟೇಪಿನ ಹರಿದ ತುದಿ ಕಣ್ಣಿಗೆ ಬಿತ್ತು. ಎಳೆಗಳು ಹೊಸದಾಗಿ ಬಿಚ್ಚಿಕೊಂಡಿದ್ದವು. ಮೊನ್ನೆಯ ಅಳತೆಗೂ ಮೊದಲೇ ಯಾವಾಗಲೋ, ರೈಲಿನ ಬಾಗಿಲಿಗೋ ಕಲ್ಲಿಗೋ ಸಿಕ್ಕಿ, ಇನ್ನಷ್ಟು ಹರಿದುಹೋಗಿತ್ತು. ತುದಿಯ ಮೊದಲ ಕೆಂಪು ಅಂಕಿ ಒಂದಾಗಿರಲಿಲ್ಲ, ಎರಡಾಗಿತ್ತು. ಅಪ್ಪನ ಕಣ್ಣಿಗೆ ಅದು ಬರೀ ಕೆಂಪು. ಮೊದಲ ಕೆಂಪು ಅಂದರೆ ಒಂದು, ಇಪ್ಪತ್ತು ವರ್ಷದಿಂದ ಹೆಬ್ಬೆರಳಿಗೆ ಗೊತ್ತು. ಹೀಗೆ ಎರಡರ ಗೆರೆಯಿಂದ ಹದಿನಾರಕ್ಕೆ, ಹದಿನಾಲ್ಕು. ಎಷ್ಟು ಸರಳ! ಈ ಒಂದನ್ನಾದರೂ ಕಣ್ಣು ಮುಚ್ಚಿಕೊಂಡು ಸಾಧಿಸಿ ತೋರಿಸಬಲ್ಲಳು ಅವಳು, ರಾಧಿಕಾ ಮೇಡಂ ತಲೆದೂಗುವ ಹಾಗೆ. ತೋರಿಸಿದರೆ ಅಂಬರಾಯ ಮೇಸ್ತ್ರಿಗೆ ಎರಡಕ್ಕೂ ಒಂದಕ್ಕೂ ಭೇದ ಕಾಣುವುದಿಲ್ಲ ಎಂದು ವಾಡಿಗೆಲ್ಲ ಗೊತ್ತಾಗುತ್ತದೆ.

"ಹೌದ್ರಿ," ಎಂದಳು. "ನನ್ನಿಂದೇ ತಪ್ಪಾತ್ರಿ."

"ಎರಡು ಡಿಗ್ರಿ ಕಲೀಲಿಕತ್ತೀ ಅಂತಿ," ಎಂದರು ಹಣಮಂತರಾಯರು. ಕೆಟ್ಟ ಮನುಷ್ಯರೇನಲ್ಲ, ಮನೆ ಕಟ್ಟಿಸುವವರ ಸಂಕಟ. "ಹದಿನೈದು ಯಾವ್ದು, ಹದಿನಾರು ಯಾವ್ದು ತಿಳೀವಲ್ದು. ಒಂದನ್ನರೆ ನೆಟ್ಟಗ ಕಲಿಯವ್ವಾ." ನೀರು ಹೊತ್ತು ಬಂದಿದ್ದ ತೌಹೀದ ಕೊಡ ಇಳಿಸದೆ ನಿಂತು ಕೇಳಿಸಿಕೊಳ್ಳುತ್ತಿದ್ದ. "ಜಾನೆ ದೋ ಸಾಹೇಬ್, ಸಣ್ಣ ಹುಡುಗಿ ಅದಾಳ. ಎರಡು ಸಾಲು ತಾನೆ, ಸಂಜಿಕಂದ್ರ ಕಿತ್ತು ಹಾಕ್ತೀವಿ" ಎಂದ. ಅವನು ಅವಳ ಕಡೆ ನೋಡದಿದ್ದದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಬೇವಿನ ನೆರಳಿನಲ್ಲಿ ಉಣ್ಣಲು ಕೂತಾಗಲೂ ಅವಳಿಗೆ ಅದೇ ಯೋಚನೆ. ತನ್ನನ್ನು ಉಳಿಸಿಕೊಳ್ಳಲು ಅಪ್ಪ ಬೇಕೆಂದೇ ಅವಳ ಮೇಲೆ ಹಾಕಿದನೇ? ಹಾಗಿದ್ದರೆ ಒಳ್ಳೆಯದಿತ್ತು, ಸಿಟ್ಟಾದರೂ ಬರುತ್ತಿತ್ತು. ಇಬ್ಬರಿಗೂ ಗೊತ್ತಿರುವ ಒಂದು ಸುಳ್ಳು ಅವರ ನಡುವೆ ಇರುತ್ತಿತ್ತು, ಅದರ ಪಕ್ಕದಲ್ಲಿ ತನ್ನ ಹಾಳೆಯನ್ನು ಇಡಬಹುದಿತ್ತು. ಅಪ್ಪ ರೊಟ್ಟಿ ಮುರಿದು ದೊಡ್ಡ ಭಾಗವನ್ನು ಅವಳ ತಟ್ಟೆಯಿದ್ದ ಕಡೆಗೆ ನೀಡಿದ. ತಟ್ಟೆಯ ಅಂಚಿಗೆ ಬಿತ್ತು. ಅವಳು ಸರಿಸಿಕೊಂಡಳು.

"ಮನಸ್ ಎಲ್ಲಿಟ್ಟಿದ್ದೆವ್ವ ಮೊನ್ನಿ?" ಎಂದ ಅಪ್ಪ, ಮೆತ್ತಗೆ. "ಹದಿನಾರು ಅಂತ ಬಾಯಿಬಿಟ್ಟು ಹೇಳಿದ್ನಲ್ಲ."

ಅವನಿಗೆ ಗೊತ್ತಿರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ.

"ಇರ್ಲಿ ಬಿಡು. ಮಾರಿ ಸಣ್ಣದು ಮಾಡ್ಕೊಬ್ಯಾಡ. ಎಲ್ಲರಿಂದೂ ಆಗ್ತದ. ನಾನೂ ಹೊಸದಾಗಿ ಕಲಿಯೋವಾಗ ಕುರಕುಂಟಾದಾಗ ಒಂದು ಬಾಗಿಲಾನೇ ಇಡೋದು ಮರ್ತಿದ್ದೆ. ನಿಮ್ಮಜ್ಜ ಒಂದು ಮಾತು ಅನ್ಲಿಲ್ಲ. ನಾ ಏನರ ಅಂದ್ನೇನು ನಿನಗ?"

ಕ್ಷಮಿಸುತ್ತಿದ್ದ. ಅವಳು ಮಾಡದ ತಪ್ಪಿಗೆ ಅಷ್ಟು ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಿದ್ದ. ಅವಳು ನಿಜವಾಗಿ ಮಾಡಿದ ತಪ್ಪು ಚೀಲದಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಅತ್ತುಬಿಡುತ್ತೇನೆ ಎನ್ನಿಸಿತು. ಅದೇ ವೇಗದಲ್ಲಿ ಹಾಳೆಯನ್ನು ತೆಗೆದು ಅವನ ಮುಂದೆ ಹಿಡಿದಳು.

"ಅಪ್ಪಾ, ಕಾಲೇಜಿಂದು. ನಿನ್ನ ಸಹಿ ಬೇಕಾಗ್ಯದ."

ಅಪ್ಪ ಹಾಳೆ ತೆಗೆದುಕೊಂಡ. ದೂರ ಹಿಡಿದ, ಹತ್ತಿರ ಹಿಡಿದ, ಇಂಗ್ಲಿಷ್ ಓದುವವನಂತೆ ತುಟಿ ಅಲ್ಲಾಡಿಸಿದ. ಹತ್ತು ಮಾರು ದೂರದಲ್ಲಿ ಹಣಮಂತರಾಯರು ಕುರ್ಚಿಯಲ್ಲಿ ಕೂತು ಇತ್ತಲೇ ನೋಡುತ್ತಿದ್ದರು. ಸಹಿಯ ಗೆರೆ ಎಲ್ಲಿದೆ ಎಂದು ಅಪ್ಪನ ಹೆಬ್ಬೆರಳು ಹಾಳೆಯ ಮೇಲೆ ಒಂದು ಸಲ ಹುಡುಕಿ ನಿಂತಿತು. ಇಲ್ಲಿ ಎಂದು ಅವನ ಬೆರಳು ಹಿಡಿದು ತೋರಿಸಬೇಕು. ತೋರಿಸಿದರೆ ಅವರಿಗೆ ಕಾಣುತ್ತದೆ.

"ಕೈಯಾಗ ಸಿಮೆಂಟ್ ಅದ," ಎಂದು ಮಡಿಸಿ ಹಿಂದಕ್ಕೆ ಕೊಟ್ಟ. "ಕಾಗದ ಹೊಲಸಾಗ್ತದ. ಸಂಜಿಕ ಮನ್ಯಾಗ ಕುಂತು ಮಾಡ್ತೀನಿ. ಏನ್ ಬರ್ದಾರ ಅಂತ ನೀನೂ ಓದಿ ಹೇಳು. ಅವಸರೇನಿಲ್ಲಲ್ಲ?"

ಇದೆ, ಐದರೊಳಗೆ ಎನ್ನಬೇಕು. ಏಕೆ ಎನ್ನುತ್ತಾನೆ. ಎರಡು ಸಲ ಫೇಲಾದೆ ಎನ್ನಬೇಕು. ಅದೂ ಇವತ್ತೇ, ಹದಿನೈದು ಹದಿನಾರು ತಿಳಿಯದವಳು ಎಂದು ನಾಲ್ಕು ಜನರ ಮುಂದೆ ತಾನೇ ಒಪ್ಪಿಕೊಂಡ ದಿನವೇ. ಈಗ ಹೇಳಿದರೆ ಹಣಮಂತರಾಯರು ಅಂದದ್ದು ನಿಜವಾಗಿಬಿಡುತ್ತದೆ, ಅಪ್ಪನಿಗೆ ಎರಡೂ ಒಂದೇ ತಪ್ಪಿನ ಎರಡು ತುದಿಯಂತೆ ಕಾಣುತ್ತದೆ. ಅಲ್ಲ ಎಂದು ತೋರಿಸಲು ಟೇಪಿನ ತುದಿಯನ್ನು ತೋರಿಸಬೇಕು. ಯಾವ ಕಡೆ ತಿರುಗಿದರೂ ಅಪ್ಪನ ಕಣ್ಣೇ ಎದುರಿಗೆ ಬರುತ್ತಿತ್ತು, ಬೆಳ್ಳಗೆ, ಏನೂ ಅರಿಯದೆ ನಗುತ್ತಾ.

"ಇಲ್ಲಪ್ಪಾ," ಎಂದಳು. "ಅವಸರೇನಿಲ್ಲ."

ಮಧ್ಯಾಹ್ನವೆಲ್ಲ ಕಲ್ಲು ಕಿತ್ತರು. ಅವಳೂ ಹೊತ್ತಳು; ಬೇಡವೆಂದರೂ ಕೇಳಲಿಲ್ಲ. ನಾಲ್ಕೂಕಾಲಿಗೆ ನೀರು ಕುಡಿಯುವ ನೆಪದಲ್ಲಿ ಚೀಲದ ಬಳಿ ಹೋಗಿ ಪೆನ್ನು ತೆಗೆದಳು. ಅಪ್ಪನ ಸಹಿ ಅವಳಿಗೆ ಚೆನ್ನಾಗಿ ಗೊತ್ತು. ದೊಡ್ಡ ಅ, ಅದರ ಮುಂದೆ ಸೊನ್ನೆ, ಕೊನೆಗೆ ಯದ ಬಾಲ. ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಅ ಬರೆದಳು. ಸೊನ್ನೆಗೆ ಬಂದಾಗ ಕೈ ನಿಂತಿತು. ಅಪ್ಪ ಸಂಜೆ ಹಾಕುತ್ತೇನೆ ಎಂದಿದ್ದ. ಮನೆಗೆ ಹೋಗಿ, ದೀಪದ ಕೆಳಗೆ ಕೂತು, ಎಲ್ಲವ್ವ ನಿನ್ನ ಕಾಗದ ಎಂದು ಕೇಳೇ ಕೇಳುತ್ತಾನೆ. ಆಗ ಅವನ ಸಹಿ ಬೀಳಬೇಕಾದ ಜಾಗದಲ್ಲಿ ಆಗಲೇ ಸಹಿ ಇರುತ್ತದೆ, ಅವನಿಗೆ ಅದೂ ಕಾಣುವುದಿಲ್ಲ, ಅದರ ಮೇಲೆಯೇ ಇನ್ನೊಂದು ಸಲ ಬರೆಯುತ್ತಾನೆ. ಅದನ್ನು ನೋಡುತ್ತಾ ಕೂರುವುದು ತನ್ನಿಂದಾಗದು. ಪೆನ್ನು ಮುಚ್ಚಿದಳು. ಮುಚ್ಚುವಾಗ ಎಲ್ಲೋ ಒಂದು ಕಡೆ ಹಗುರವೂ ಆಯಿತು, ಆ ಹಗುರಕ್ಕೆ ನಾಚಿಕೆಯಾಯಿತು. ಓದಲಾರದೆ ಬಿಟ್ಟವಳು ಅಪ್ಪನ ಕಣ್ಣಿನ ಮರೆಯಲ್ಲಿ ಅವಿತುಕೊಂಡಳು ಎಂದು ನಾಳೆ ತಾನೇ ತನಗೆ ಹೇಳಿಕೊಳ್ಳದಿರುತ್ತೇನೆಯೇ ಎಂದುಕೊಂಡಳು.

"ಅಳೀಲಿಕ್ ಬಾ ಅವ್ವ," ಎಂದು ಅಪ್ಪ ಕರೆದ. ಐದಕ್ಕೆ ಹತ್ತು ನಿಮಿಷವಿತ್ತು.

ಈ ಸಲ ಆಚೆ ತುದಿಯನ್ನು ಹಣಮಂತರಾಯರು ತಾವೇ ಹಿಡಿದಿದ್ದರು. ಕನ್ನಡಕ ಏರಿಸಿಕೊಂಡು, "ನಾ ಓದ್ತೀನಿ, ಯಾರ್ ಮ್ಯಾಲೂ ಭರವಸಿ ಇಲ್ಲ" ಎಂದು ಕೂತಿದ್ದರು. ಅವರ ಉಕ್ಕಿನ ಟೇಪನ್ನೇ ಬಳಸೋಣ ಎಂದು ಅವಳು ಅಂದದ್ದಕ್ಕೆ, "ಮೇಸ್ತ್ರಿ ಟೇಪಿನಿಂದಾನೇ ಆಗ್ಲಿ, ತಪ್ಪು ಯಾರ್ದು ತಿಳೀಲಿ" ಎಂದರು. ಅಪ್ಪ ಹರಿದ ತುದಿಯನ್ನು ಹಿಡಿದು ಮೂಲೆಯಲ್ಲಿ ಬಗ್ಗುತ್ತಿದ್ದ, ಹೆಬ್ಬೆರಳು ಆಗಲೇ ಮೊದಲ ಕೆಂಪಿನ ಮೇಲಿತ್ತು. ಇನ್ನೊಂದು ಸಲ ಹದಿನಾಲ್ಕಾದರೆ ಈ ಬಾರಿ ತಪ್ಪು ಹಾಕಲು ಆಚೆ ತುದಿಯಲ್ಲಿ ಅವಳಿರುವುದಿಲ್ಲ.

"ನಾ ಇಲ್ಲಿ ಹಿಡೀತೀನಿ ತಗಿ ಅಪ್ಪಾ. ನೀ ಗೂಟ ಹೊಡೀಲಿಕ್ ನಡಿ."

ಅವನ ಕೈಯಿಂದ ತುದಿ ಬಿಡಿಸಿಕೊಂಡು ಕೂತಳು. ಪಕ್ಕದಲ್ಲಿ ಗುಣಿಯಾ ಬಿದ್ದಿತ್ತು. ಮೂಲೆ ನೋಡುವ ಕಬ್ಬಿಣದ ಕೋನ, ಅದರ ಗಿಡ್ಡ ತೋಳು ಸರಿಯಾಗಿ ಒಂದಡಿ. ಅದನ್ನು ಎಡಗೈಯಿಂದ ಮೂಲೆಗೆ ಒತ್ತಿ, ಅದರ ಆಚೆ ಕೊನೆಗೆ ಬಲಗೈಯಿಂದ ಎರಡರ ಗೆರೆಯನ್ನು ಕೂಡಿಸಿದಳು. ಈಗ ಅಲ್ಲಿ ಹದಿನಾರೆಂದರೆ ಹದಿನೈದೇ. ಬೆನ್ನು ಮಾಲೀಕರಿಗೆ ಅಡ್ಡವಾಗಿತ್ತು. ಎರಡು ಕೈಯಲ್ಲಿ ಯಾವುದನ್ನು ಸಡಿಲಿಸಿದರೂ ಅಳತೆ ಕೆಡುತ್ತಿತ್ತು. ಬೇವಿನ ಬುಡದಲ್ಲಿದ್ದ ಚೀಲ ಅವಳಿಗೆ ಅಲ್ಲಿಂದ ಕಾಣುತ್ತಿತ್ತು, ಜಿಪ್ಪು ಅರ್ಧ ತೆರೆದೇ ಇತ್ತು. ಟೇಪು ಬಿಗಿಯಾಯಿತು. ಹಣಮಂತರಾಯರು ಸರಿಯಿಲ್ಲ, ಇನ್ನೊಮ್ಮೆ ಎಂದರು. ತೌಹೀದ ಸಿಕ್ಕಿದ್ದ ಕಲ್ಲೊಂದನ್ನು ಸರಿಸಿದ. ಮತ್ತೆ ಬಿಗಿಯಾಯಿತು. ಬೆರಳು ಬಿಳಿಚಿಕೊಂಡವು.

ಸಿಮೆಂಟ್ ಕಾರ್ಖಾನೆಯ ಐದರ ಭೋಂಗಾ ಕೂಗತೊಡಗಿತು. ಉದ್ದಕ್ಕೆ, ಊರಿಗೆಲ್ಲ ಕೇಳುವ ಹಾಗೆ. ಅದು ನಿಲ್ಲುವವರೆಗೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ, ಎಲ್ಲರೂ ಇದ್ದಲ್ಲೇ ಕಾದರು. ನಿಂತ ಮೇಲೆ ಆಚೆಯಿಂದ ಹಣಮಂತರಾಯರು, "ಹದಿನಾರು! ಬರೋಬರಿ ಅದ" ಎಂದರು. ಅಪ್ಪ ಗೂಟದ ಮೇಲೆ ಸುತ್ತಿಗೆ ಎತ್ತಿ, ಹೊಡೆಯುವ ಮೊದಲು ಮಗಳಿದ್ದ ದಿಕ್ಕಿಗೆ ಮುಖ ತಿರುಗಿಸಿದ.

"ಒಂದ್ ಬಿಟ್ಟು ಹಿಡ್ದೀ ಇಲ್ಲೋ ಅವ್ವ?"

"ಹೂಂ ಅಪ್ಪಾ," ಎಂದಳು ಸುಶ್ಮಿತಾ. "ಬಿಟ್ಟೀನಿ."